ಓದುಗರ ಸ್ಪಂದನ: ಮೂರೆಕರೆ ಅಡಿಕೆ, ಒಂದು ಲ್ಯಾಪ್‌ಟಾಪ್, ಮತ್ತು ಒಂದು ಪಿಕಪ್

ಕಳೆದ ಸಂಚಿಕೆಯಲ್ಲಿ ಸಾಗರ ತಾಲ್ಲೂಕಿನ ಓದುಗರೊಬ್ಬರು ತಮ್ಮ ಇಕ್ಕಟ್ಟು ಬರೆದಿದ್ದರು. ಬೆಂಗಳೂರಿನ ಸಾಫ್ಟ್‌ವೇರ್ ಕೆಲಸವನ್ನು ಊರಿನಿಂದಲೇ ಮಾಡುತ್ತಾ, ಅಪ್ಪನ ಮೂರೆಕರೆ ಅಡಿಕೆ ತೋಟವನ್ನೂ ನೋಡಿಕೊಳ್ಳಬೇಕೆಂದಿದ್ದಾರೆ. ಅದಕ್ಕೊಂದು ಪಿಕಪ್ ಕೊಳ್ಳುವ ಆಸೆ. ಹೆಂಡತಿ ಬೇಡ ಎನ್ನುತ್ತಾರೆ. ಹಳದಿ ಬೋರ್ಡ್ ಗಾಡಿ ಅಂಗಳದಲ್ಲಿ ನಿಂತರೆ ಜನ ನಗುತ್ತಾರೆ ಎಂಬ ಅಳುಕೂ ಇದೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಲೆಕ್ಕ ಹಾಕಿ ಬರೆದವರಿಗೆ ಮೊದಲ ಜಾಗ.

ಅಡಿಕೆ ಬೆಳೆಗಾರರು, ತೀರ್ಥಹಳ್ಳಿ

ಮಾರಾಯ್ರೆ, ವರ್ಷಕ್ಕೆ ಎಷ್ಟು ಟ್ರಿಪ್ ಅಂತ ಎಣಿಸಿದ್ದೀರಾ? ಒಂಬತ್ತಡಿ ಅಂತರದ ತೋಟ ಎಕರೆಗೆ ಸುಮಾರು 550 ಮರ, ಮೂರೆಕರೆಗೆ 1650. ಎಕರೆಗೆ ಎಂಟು–ಹತ್ತು ಕ್ವಿಂಟಲ್ ರಾಶಿ (ಸುಲಿದು ಬೇಯಿಸಿ ಒಣಗಿಸಿದ ಅಡಿಕೆ) ಬಂತು ಅಂತಿಟ್ಟುಕೊಳ್ಳಿ, ಮಂಡಿಗೆ ಹೋಗುವುದು 24–30 ಕ್ವಿಂಟಲ್. ಒಂದೂವರೆ ಟನ್ ಹೊರುವ ಗಾಡಿಗೆ ಅದು ಎರಡು ಟ್ರಿಪ್. ಮರಕ್ಕೆ ಸಾರಜನಕ 100 ಗ್ರಾಂ, ರಂಜಕ 40, ಪೊಟ್ಯಾಷ್ 140 ಎಂಬ ಶಿಫಾರಸಿನಂತೆ ಹೋದರೆ ಯೂರಿಯಾ 45 ಕೆ.ಜಿ.ಯ ಎಂಟು ಚೀಲ, ಪೊಟ್ಯಾಷ್ 50 ಕೆ.ಜಿ.ಯ ಎಂಟು ಚೀಲ, ಶಿಲಾರಂಜಕ ಏಳು ಚೀಲ. ಎಲ್ಲ ಸೇರಿ 1100 ಕೆ.ಜಿ., ಒಂದೇ ಟ್ರಿಪ್. ಕೊಟ್ಟಿಗೆ ಗೊಬ್ಬರ ಮರಕ್ಕೆ 12 ಕೆ.ಜಿ. ಅಂದರೆ 20 ಟನ್ ಆಗುತ್ತದೆ, ನಿಜ. ಆದರೆ ಅದನ್ನು ಮಾರುವವನೇ ಟ್ರ್ಯಾಕ್ಟರಿನಲ್ಲಿ ತಂದು ಸುರಿಯುತ್ತಾನೆ. ಪಿಕಪ್‌ನಲ್ಲಿ ಹದಿಮೂರು ಸಲ ಓಡಾಡಿದರೆ ಡೀಸೆಲ್ ದುಡ್ಡಿಗೇ ಇನ್ನೊಂದಿಷ್ಟು ಗೊಬ್ಬರ ಬರುತ್ತಿತ್ತು. ಕೊಯ್ಲಿನಲ್ಲಿ ಅಡಿಕೆ ಗೊನೆ ಹೊರುವುದಕ್ಕೆ ಬೇಕು ಅನ್ನುವಿರಿ. ತೋಟದೊಳಗಿನ ಬದುವಿನ ದಾರಿಗೆ ಪಿಕಪ್ ಇಳಿಯುವುದೇ ಇಲ್ಲ. ಅಲ್ಲಿ ಕೈಗಾಡಿ, ಹೆಚ್ಚೆಂದರೆ ಪವರ್ ಟಿಲ್ಲರ್.

ಉಳಿದದ್ದು ಹಿಂಡಿ ಚೀಲ, ಗ್ಯಾಸ್ ಸಿಲಿಂಡರ್, ಕೆಟ್ಟ ಪಂಪ್‌ಸೆಟ್. ಇವಕ್ಕೆ ಹಳೇ ಓಮ್ನಿ ಸಾಕು. 2019ರಲ್ಲಿ ಕಂಪನಿ ಅದನ್ನು ನಿಲ್ಲಿಸಿತು, ಮಲೆನಾಡು ಇನ್ನೂ ನಿಲ್ಲಿಸಿಲ್ಲ.

ಲಾರಿ ಮಾಲೀಕರು, ಹುಬ್ಬಳ್ಳಿ

ಹಳದಿ ಬೋರ್ಡ್ ಅಂದ್ರ ಮಂದಿ ನಗ್ತಾರ ಅಂತ ಬರದೀರಿ. ನಿಮ್ಮೂರಿಗೆ ಅಕ್ಕಿ, ಸಿಮೆಂಟ್, ನಿಮ್ಮ ಲ್ಯಾಪ್‌ಟಾಪ್ ಸೈತ ತಂದು ಇಳಸಿದ್ದು ಅದ ಹಳದಿ ಬೋರ್ಡ್ ಗಾಡಿ ರೀ. ನಾಚಿಕಿ ಬರೂದಾದ್ರ ತಗೋಬ್ಯಾಡ್ರಿ.

*ಖಾರ ಸ್ವಲ್ಪ ಹೆಚ್ಚಾಯಿತೇನೋ. ಆದರೂ ಒಂದಕ್ಷರ ಕತ್ತರಿಸಿಲ್ಲ. ಕೊಳ್ಳುವುದೇ ಖಚಿತ ಎನ್ನುವವರಿಗೆ ಮುಂದಿನ ಪತ್ರ.*

ಗ್ಯಾರೇಜ್ ಮೆಕ್ಯಾನಿಕ್, ಶಿವಮೊಗ್ಗ

ಖಾಲಿ ಪಿಕಪ್‌ನ ಹಿಂಭಾಗ ಹಗುರ. ಬ್ಲೇಡ್ ಸೆಟ್ (ಹಿಂದಿನ ಪಟ್ಟಿ ಸ್ಪ್ರಿಂಗ್) ಕಟ್ಟಿರುವುದು ಟನ್‌ಗಟ್ಟಲೆ ಭಾರಕ್ಕೆ. ಹಾಗಾಗಿ ಖಾಲಿ ಇದ್ದಾಗ ಹಂಪ್ ಮೇಲೆ ಕುಣಿಯುತ್ತದೆ, ಮಳೆಗಾಲದಲ್ಲಿ ಕೆಂಪು ಮಣ್ಣಿನ ಏರು ಸಿಕ್ಕಿದರೆ ಹಿಂದಿನ ಚಕ್ರ ನಿಂತಲ್ಲೇ ಸುತ್ತುತ್ತದೆ. 40 ಕೆ.ಜಿ.ಯ ನಾಲ್ಕು ಮರಳಿನ ಚೀಲ ಹಿಂದಿನ ಆಕ್ಸಲ್‌ನ ನೇರ ಮೇಲೆ ಇಟ್ಟು ಹಗ್ಗ ಬಿಗಿಯಿರಿ. ಹಿಂಬಾಗಿಲಿಗೆ ಒತ್ತಿ ಇಟ್ಟರೆ ಮೂತಿ ಮೇಲೆದ್ದು ಸ್ಟೇರಿಂಗ್ ಹಿಡಿತ ತಪ್ಪುತ್ತದೆ. ಲೋಡಿಗೆಂದು ತುಂಬಿದ ಗಾಳಿಯಲ್ಲಿ ಖಾಲಿ ಗಾಡಿ ಓಡಿಸಬೇಡಿ, ಟೈರಿನ ನಡುಭಾಗ ಮಾತ್ರ ಸವೆಯುತ್ತದೆ.

ಮೇನ್ ಬ್ಲೇಡ್ ಸೆಂಟರ್ ಬೋಲ್ಟ್ ತೂತಿನ ಹತ್ತಿರ ಕಟ್ ಆದರೆ ಎಲ್ಲರೂ ಓವರ್‌ಲೋಡ್ ಅನ್ನುತ್ತಾರೆ. ಅರ್ಧಕ್ಕರ್ಧ ಸಲ ಕಾರಣ, ಬ್ಲೇಡನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್ ಸಡಿಲಾಗಿರುವುದು. ಬ್ಲೇಡ್ ಕೆಲಸ ಮಾಡಿಸಿದ ಮೇಲೆ 500 ಕಿ.ಮೀ. ಓಡಿಸಿ ಮತ್ತೊಮ್ಮೆ ಬಿಗಿ ಮಾಡಿಸಿ.

ಹೊಸ ಬಿಎಸ್‌6 ಡೀಸೆಲ್ ಆದರೆ ಇನ್ನೊಂದು ತೊಂದರೆ. ಸೈಲೆನ್ಸರ್ ಸಾಲಿನಲ್ಲಿರುವ ಡಿಪಿಎಫ್ ಎಂಬ ಫಿಲ್ಟರ್ ಹೊಗೆಯ ಮಸಿ ಹಿಡಿದಿಟ್ಟುಕೊಂಡು, ಬಿಸಿಯೇರಿದಾಗ ಸುಟ್ಟುಕೊಳ್ಳುತ್ತದೆ. ಮನೆಯಿಂದ ಸೊಸೈಟಿಗೆ ಮೂರು ಕಿ.ಮೀ. ಓಡಿಸಿ ನಿಲ್ಲಿಸುತ್ತಿದ್ದರೆ ಬಿಸಿಯೇ ಏರುವುದಿಲ್ಲ. ಮಸಿ ಕಟ್ಟಿ ದೀಪ ಹತ್ತುತ್ತದೆ, ಎಂಜಿನ್ ಎಳೆಯುವುದು ಬಿಡುತ್ತದೆ. ಆಗಾಗ ಹೆದ್ದಾರಿಯಲ್ಲಿ 20–30 ನಿಮಿಷ ನಿಲ್ಲಿಸದೆ ಓಡಿಸಬೇಕು. ಅಷ್ಟು ಓಟ ಇಲ್ಲದವರು 700–750 ಕೆ.ಜಿ. ಹೊರುವ ಪೆಟ್ರೋಲ್ ಮಿನಿ ಟ್ರಕ್ ನೋಡುವುದು ಮೇಲು.

ಇನ್ನು ತುಕ್ಕು. ಪೊಟ್ಯಾಷ್ ಅಂದರೆ ಒಂದು ಜಾತಿಯ ಉಪ್ಪೇ. ಚೀಲದ ಹೊಲಿಗೆಯಿಂದ ಉದುರಿದ ಕೆಂಪು ಹರಳು ತೊಟ್ಟಿಯ ಜೋಡಣೆ ಸಂದಿಯಲ್ಲಿ ಕೂತು, ಮಳೆಗಾಲದ ತೇವ ಹೀರಿ, ಬಣ್ಣದ ಕೆಳಗೇ ತಗಡನ್ನು ತಿನ್ನುತ್ತದೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಒಯ್ಯುವ ಮೈಲುತುತ್ತವೂ ಕಬ್ಬಿಣಕ್ಕೆ ವೈರಿ. ಅಡಿಗೆ ಟಾರ್ಪಲ್ ಹಾಸಿ, ಇಳಿಸಿದ ದಿನವೇ ತೊಳೆಯಿರಿ. ಮರುದಿನ ಅಂದವರ ಗಾಡಿ ಮೂರನೇ ವರ್ಷಕ್ಕೆ ನಮ್ಮಲ್ಲಿ ವೆಲ್ಡಿಂಗ್‌ಗೆ ಬಂದಿರುತ್ತದೆ.

*ಈ ಸಲ ಬಂದ ಅತಿ ಉದ್ದದ ಪತ್ರ ಮುಂದಿನದು. ಕೇಳಿದ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಬರೆದಿದ್ದಾರೆ. ಮೊಟಕುಗೊಳಿಸಲು ಮನಸ್ಸಾಗಲಿಲ್ಲ.*

ಸಾಫ್ಟ್‌ವೇರ್ ಉದ್ಯೋಗಿ, ಶಿರಸಿ ಸಮೀಪ

ಗಾಡಿಯ ಮಾತು ಆಮೇಲೆ. ಅದರ ಕಂತು ಕಟ್ಟುವುದು ನಿಮ್ಮ ಸಂಬಳ. ಆ ಸಂಬಳ ಬರುವುದು ಗಾಜಿನ ಒಂದು ಎಳೆಯ ಮೇಲೆ, ಆ ಎಳೆ ತೂಗಾಡುವುದು ಕರೆಂಟ್ ಕಂಬದ ಮೇಲೆ. ಜೂನ್‌ನಲ್ಲಿ ಒಂದು ಕೊಂಬೆ ಮುರಿದು ಬಿದ್ದರೆ ಕರೆಂಟು, ಫೈಬರ್ ಎರಡೂ ಒಟ್ಟಿಗೆ ಹೋಗುತ್ತವೆ.

ಲೈನ್‌ಮನ್ ಬಂದಾಗ ಫೈಬರ್ ಬಂದು ಸೇರುವ ಪೆಟ್ಟಿಗೆಗೆ, ಅಂದರೆ ಓಎನ್‌ಟಿಗೆ, ಬರುವ ಬೆಳಕಿನ ಅಳತೆ (ಡಿಬಿಎಂ) ಕೇಳಿ ಬರೆದಿಟ್ಟುಕೊಳ್ಳಿ. ಮೈನಸ್ 20ರ ಆಸುಪಾಸು ಇದ್ದರೆ ನೆಮ್ಮದಿ. ಮೈನಸ್ 27 ದಾಟಿತೆಂದರೆ ಲಿಂಕ್ ಹೋಗಿ ಬಂದು ಮಾಡುತ್ತದೆ. ಪ್ರತಿ ಮಳೆಗಾಲದಲ್ಲೂ ಕಡಿದು ಜೋಡಿಸಿದ ಕಡೆಯೆಲ್ಲ ಬೆಳಕು ಸೋರುತ್ತದೆ. ನಾಲ್ಕು ಜಾಯಿಂಟ್ ಆಗಿದ್ದರೆ ಇನ್ನು ರಿಪೇರಿ ಬೇಡ ಎಂದು ಕಂಬದಿಂದ ಮನೆಗೆ ಹೊಸ ತಂತಿ ಎಳೆಸಿ. ಕಿಟಕಿ ಮೂಲೆಯಲ್ಲಿ ಮೊಳೆ ಹೊಡೆದು ತಂತಿಯನ್ನು ಚೂಪಾಗಿ ಮಡಚಲು ಬಿಡಬೇಡಿ. ತಂತಿಯೊಳಗಿನ ಉಕ್ಕಿನ ಎಳೆಯನ್ನು ಗೋಡೆಯ ಹೊರಗೇ ಕತ್ತರಿಸಿ ನಿಲ್ಲಿಸಲು ಹೇಳಿ. ಏಪ್ರಿಲ್–ಮೇ ಗುಡುಗಿಗೆ ಗಾಜು ಹೆದರುವುದಿಲ್ಲ, ಉಕ್ಕು ಸಿಡಿಲನ್ನು ಒಳಗೆ ಕರೆಯುತ್ತದೆ.

ಇನ್ವರ್ಟರ್‌ಗೆ 150 ಎಎಚ್ ಟ್ಯೂಬುಲರ್ ಬ್ಯಾಟರಿ ಇದ್ದರೆ ಕಾಗದದ ಮೇಲೆ 1800 ವ್ಯಾಟ್-ಅವರ್. ಬ್ಯಾಟರಿ ಬಾಳಬೇಕಾದರೆ ಬಳಸಬಹುದಾದದ್ದು ಅರ್ಧ, 900. ಎರಡು ಲ್ಯಾಪ್‌ಟಾಪ್ 120 ವ್ಯಾಟ್, ಓಎನ್‌ಟಿ ಮತ್ತು ರೂಟರ್ 15, ಫ್ಯಾನು 70, ದೀಪ 10. ನಾಲ್ಕು ಗಂಟೆ ಸಿಗುತ್ತದೆ. ಮಲೆನಾಡಿನ ಜುಲೈಗೆ ನಾಲ್ಕು ಗಂಟೆ ಏನೂ ಅಲ್ಲ, ಹಾಗಾಗಿ ಓಎನ್‌ಟಿಗೆ ಬೇರೆಯೇ 12 ವೋಲ್ಟಿನ ಮಿನಿ ಯುಪಿಎಸ್ ಇಡಿ. ಸೋಲಾರ್ ನಂಬಬೇಡಿ. ಬೇಕಾದ ತಿಂಗಳಲ್ಲೇ ಮೋಡ ಇರುತ್ತದೆ.

ಫೈಬರ್ ಹೋದಾಗ ಬದಲಿಗೆ ಇರಲಿ ಸಿಮ್ ಹಾಕುವ ರೂಟರ್, ಮಾಡಿನ ಮೇಲೆ ಜಿಐ ಪೈಪಿಗೆ ಎರಡು ಕೇಬಲ್ಲಿನ ಆಂಟೆನಾ. ಅಡಿಕೆ ಮರಕ್ಕೆ ಕಟ್ಟಬೇಡಿ. ಮರ ತೂಗಿದಂತೆ ಸಿಗ್ನಲ್ಲೂ ತೂಗುತ್ತದೆ. ಕೇಬಲ್ ಐದು ಮೀಟರ್ ಮೀರಿದರೆ ಆಂಟೆನಾದಿಂದ ಬಂದ ಲಾಭ ಕೇಬಲ್ಲೇ ನುಂಗುತ್ತದೆ, ರೂಟರನ್ನೇ ಅಟ್ಟಕ್ಕೆ ಏರಿಸಿ. ಟವರ್‌ಗೆ ಜನರೇಟರ್ ಇದೆಯೋ, ಬ್ಯಾಟರಿ ಮಾತ್ರವೋ ವಿಚಾರಿಸಿ. ಬ್ಯಾಟರಿ ಮುಗಿದ ಮೇಲೆ ನಿಮ್ಮ ಆಂಟೆನಾ ಬರೀ ಪೈಪು.

ಊರಿಂದ ಕೆಲಸ ಮಾಡಲು ಕಂಪನಿ ಒಪ್ಪಿದೆ ಎಂದಿದ್ದೀರಿ. ಇ-ಮೇಲ್‌ನಲ್ಲೋ, ಮ್ಯಾನೇಜರ್ ಬಾಯಲ್ಲೋ? ಮ್ಯಾನೇಜರ್ ಬದಲಾಗುತ್ತಾರೆ. ವಾರಕ್ಕೆ ಮೂರು ದಿನ ಕಚೇರಿಗೆ ಬನ್ನಿ ಎಂದ ದಿನ ಸಾಗರದಿಂದ ಬೆಂಗಳೂರು 350 ಕಿ.ಮೀ.ಗೂ ಹೆಚ್ಚು. ತಾಳಗುಪ್ಪದಿಂದ ರಾತ್ರಿ ರೈಲಿದೆ, ಆದರೆ ವಾರಾವಾರ ಅದರಲ್ಲಿ ಮಲಗಿ ಕಚೇರಿಗೆ ಹೋಗುವುದು ಬದುಕಲ್ಲ.

ಕೊನೆಗೊಂದು. ಹೆಂಡತಿಯ 'ಬೇಡ'ವನ್ನು ನೀವು ಗಾಡಿಗೆ ಮಾತ್ರ ಹೊಂದಿಸಿ ಓದಿದ್ದೀರಿ. ಅವರ ಕೆಲಸವೇನು, ಅವರ ಮೀಟಿಂಗ್ ಹೊತ್ತಿಗೆ ಆ ಒಂದೇ ಫೈಬರ್ ಯಾರದ್ದು, ಅತ್ತೆ ಮನೆಯಲ್ಲಿ ಅವರಿಗೆ ಬಾಗಿಲು ಹಾಕಿಕೊಳ್ಳುವ ಕೋಣೆ ಇದೆಯೇ, ಪತ್ರದಲ್ಲಿ ಒಂದು ಸಾಲೂ ಇಲ್ಲ. ಬ್ಲೇಡ್ ಸೆಟ್ಟನ್ನು ಬೇಕಾದಾಗ ಬದಲಿಸಬಹುದು. ಯಾಕಿಷ್ಟು ಖಡಕ್ಕಾಗಿ ಬರೆದೆ ಎಂದು ಕೇಳಬೇಡಿ.

ವಿಮಾ ಸಲಹೆಗಾರರು, ದಾವಣಗೆರೆ

ಬಿಳಿ–ಹಳದಿ ಗೊಂದಲಕ್ಕೆ ಚುಟುಕಾಗಿ: ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್ ಪಿಕಪ್‌ಗಳು ಖಾಸಗಿ ನೋಂದಣಿಗೆ, ಅಂದರೆ ಬಿಳಿ ಬೋರ್ಡಿಗೆ, ಸಿಗುತ್ತವೆ. ಬೊಲೆರೊ ಪಿಕಪ್‌ನಂಥ ಸರಕು ಗಾಡಿ, ಸ್ವಂತ ಅಡಿಕೆಗೇ ಇರಲಿ, ಹಳದಿ ಬೋರ್ಡೇ. ಒಟ್ಟು ತೂಕ 3000 ಕೆ.ಜಿ. ಮೀರದಿದ್ದರೆ ಪರ್ಮಿಟ್ ಬೇಡ. ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪತ್ರ) ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷವರ್ಷ. 2022ರ ದರಪಟ್ಟಿಯಲ್ಲಿ ಬಾಡಿಗೆ ಸರಕು ಹೊರುವ ಇಂಥ ಗಾಡಿಯ ಥರ್ಡ್ ಪಾರ್ಟಿ (ಎದುರಿನವರ ನಷ್ಟ ತುಂಬುವ) ವಿಮೆಯ ವರ್ಷದ ಕಂತು 16,049 ರೂ., 1000–1500 ಸಿಸಿ ಕಾರಿಗೆ 3,416. ಕಾರಿನ ಲೈಸೆನ್ಸೇ ಸಾಕು, 7500 ಕೆ.ಜಿ.ವರೆಗಿನ ಗಾಡಿಗೆ ಅದು ನಡೆಯುತ್ತದೆಂದು ಸುಪ್ರೀಂ ಕೋರ್ಟ್ ನವೆಂಬರ್ 2024ರಲ್ಲಿ ಹೇಳಿದೆ. ಕೊಯ್ಲಿನ ಆಳುಗಳನ್ನು ಹಿಂದೆ ತುಂಬಿಸಿಕೊಂಡು ಹೋಗಲೇಬೇಡಿ. ಏನಾದರೂ ಆದರೆ ಪರಿಹಾರ ನಿಮ್ಮ ತೋಟದಿಂದಲೇ ಹೋಗಬಹುದು.

ಓದುಗರು, ಚನ್ನಗಿರಿ

ಮರದ ಮೇಲಿನ ಫಸಲನ್ನೇ ಮಾರಿ ಖೇಣಿ ಕೊಟ್ಟುಬಿಡಿ. ಅವರದೇ ಆಳು, ಅವರದೇ ಗಾಡಿ.

*ಸಾಗರದ ಓದುಗರ ಪತ್ನಿಯಿಂದಲೂ ನಮಗೊಂದು ಪತ್ರ ಬಂದಿದೆ. ಪ್ರಕಟಣೆಗಲ್ಲ ಎಂದು ಬರೆದಿರುವುದರಿಂದ ಇಲ್ಲಿ ಹಾಕಿಲ್ಲ. ಶಿರಸಿಯ ಪತ್ರದ ಪ್ರತಿಯನ್ನು ಇಬ್ಬರ ಹೆಸರಿಗೂ ಕಳಿಸಿದ್ದೇವೆ.*