ಅಪ್‌ಡೇಟ್: 4 ಮಿ.ಮೀ. ಮಾದರಿಗಳು ಸುಳ್ಳು ಹೇಳುತ್ತಿರಲಿಲ್ಲ
ರಿಯಾಕ್ಟರ್ ಪಾತ್ರೆಯ ಉಕ್ಕಿನ ಮುರಿದ ಚಾರ್ಪಿ ತುಂಡುಗಳಿಂದ (ಹೊಡೆತದ ಪರೀಕ್ಷೆಯಲ್ಲಿ ಎರಡಾದ ಕಡ್ಡಿಯ ಅರ್ಧಗಳು) ಕತ್ತರಿಸಿದ 4 ಮಿ.ಮೀ. ದಪ್ಪದ ಮಿನಿ ಸಿಟಿ (ಕಾಂಪ್ಯಾಕ್ಟ್ ಟೆನ್ಷನ್, ಅಂದರೆ ಬಿರುಕನ್ನು ಎಳೆದು ತೆರೆಯುವ) ಮಾದರಿಗಳು 25 ಮಿ.ಮೀ. ಮಾದರಿಗಳಿಗಿಂತ ಹೆಚ್ಚು ಫ್ರ್ಯಾಕ್ಚರ್ ಟಫ್‌ನೆಸ್ (ಬಿರುಕು ಹರಡುವುದನ್ನು ತಡೆಯುವ ಗುಣ) ತೋರಿಸುತ್ತಿರುವುದೇಕೆ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು; ತಪ್ಪು ಯಂತ್ರದ್ದಲ್ಲ, ನನ್ನದೇ.

ಬಿರುಕಿನ ಅಂಚು ಚಿಕ್ಕದಾದಷ್ಟೂ ಅದರ ದಾರಿಯಲ್ಲಿ ದುರ್ಬಲ ಕಣವೊಂದು ಸಿಗುವ ಸಂಭವ ಕಡಿಮೆಯಾಗುವುದರಿಂದ, ಅಳತೆಯನ್ನು 25 ಮಿ.ಮೀ. ದಪ್ಪಕ್ಕೆ ಪರಿವರ್ತಿಸದೆ ಹೋಲಿಸುವಂತಿಲ್ಲ. ಎಎಸ್‌ಟಿಎಂ ಇ1921 ಎಂಬ ಪರೀಕ್ಷಾ ಮಾನದಂಡದ ಸೂತ್ರದಂತೆ, ಅಳೆದ ಮೌಲ್ಯದಲ್ಲಿ 20 ಮೆಗಾಪ್ಯಾಸ್ಕಲ್ ರೂಟ್ ಮೀಟರ್‌ಗಿಂತ (ಟಫ್‌ನೆಸ್‌ನ ಮಾನ) ಮೇಲಿನ ಭಾಗವನ್ನು ದಪ್ಪಗಳ ಅನುಪಾತದ ನಾಲ್ಕನೇ ಘಾತಮೂಲದಿಂದ, ಅಂದರೆ ಸುಮಾರು 0.63ರಿಂದ ಗುಣಿಸಬೇಕು, ಹಾಗಾಗಿ ನನ್ನ 120 ಮೆಗಾಪ್ಯಾಸ್ಕಲ್ ರೂಟ್ ಮೀಟರ್ 83ಕ್ಕೆ ಇಳಿಯಿತು.

ಇನ್ನೊಂದು ಎಡವಟ್ಟು ಉಷ್ಣಾಂಶದ್ದು. ಬಿರುಕಿನ ಮುಂದೆ ಉಳಿಯುವ ಲೋಹ ಕೇವಲ 4 ಮಿ.ಮೀ. ಇರುವುದರಿಂದ, 500 ಮೆಗಾಪ್ಯಾಸ್ಕಲ್ ಇಳುವರಿ ಬಲದ (ಲೋಹ ಶಾಶ್ವತವಾಗಿ ಬಾಗತೊಡಗುವ ಒತ್ತಡ) ಉಕ್ಕಿನಲ್ಲಿ ಸುಮಾರು 124ಕ್ಕಿಂತ ಹೆಚ್ಚಿನ ಟಫ್‌ನೆಸ್ ಮೌಲ್ಯ ಲೆಕ್ಕಕ್ಕೆ ಪೂರ್ಣವಾಗಿ ಬಾರದು. ಉಷ್ಣಾಂಶ ಏರಿದಂತೆ ಟಫ್‌ನೆಸ್ ಕೂಡ ಏರುತ್ತದೆ; ದೊಡ್ಡ ಮಾದರಿಗಳ ಉಷ್ಣಾಂಶದಲ್ಲೇ ಪರೀಕ್ಷಿಸಿ ಅರ್ಧಕ್ಕಿಂತ ಹೆಚ್ಚಿನವನ್ನು ಹೀಗೆ ಕಳೆದುಕೊಂಡಿದ್ದೆ. ಈಗ ಟಿ-ಶೂನ್ಯದ (25 ಮಿ.ಮೀ. ಮಾದರಿಗಳ ನಡುವಿನ ಟಫ್‌ನೆಸ್ 100 ಆಗುವ ಉಷ್ಣಾಂಶ) ಅಂದಾಜಿಗಿಂತ ಸುಮಾರು 30 ಡಿಗ್ರಿ ಕೆಳಗೆ ಪರೀಕ್ಷಿಸುತ್ತಿದ್ದೇನೆ. ಅಲ್ಲಿ ಕನಿಷ್ಠ ಆರರ ಬದಲು ಏಳು ಸಿಂಧು ಫಲಿತಾಂಶ ಬೇಕು, ಆದರೆ ಮುರಿದ ಒಂದು ಚಾರ್ಪಿ ಅರ್ಧದಲ್ಲೇ ನಾಲ್ಕು ಮಾದರಿ ಸಿಗುವಾಗ ಅದು ಹೊರೆಯಲ್ಲ.

ಬೆರಳುಗುರಿನಷ್ಟಿರುವ ಮಾದರಿಯ ಒಳಗೆ ಕ್ಲಿಪ್ ಗೇಜ್ (ಬಿರುಕಿನ ಬಾಯಿ ಎಷ್ಟು ತೆರೆಯಿತೆಂದು ಅಳೆಯುವ ಸಾಧನ) ಕೂರುವುದಿಲ್ಲವೆಂದು ಮುಂಬದಿಯಲ್ಲಿ ಅಳೆದು, ಅದನ್ನು ಹೊರೆಯ ರೇಖೆಗೆ (ಎಳೆತ ಬೀಳುವ ಸಾಲಿನ ಅಳತೆಗೆ) ಪರಿವರ್ತಿಸುತ್ತಿದ್ದೇನೆ. ಹೊಸ ಟಿ-ಶೂನ್ಯ ದೊಡ್ಡ ಮಾದರಿಗಳದ್ದಕ್ಕೆ ಹತ್ತಿರವಾಗಿದೆ. ಕೊನೆಯ ಎರಡು ಮಾದರಿಗಳಲ್ಲಿ ದಣಿವಿನ ಬಿರುಕು (ಪರೀಕ್ಷೆಗೆ ಮುನ್ನ ಮತ್ತೆ ಮತ್ತೆ ಎಳೆದು ಬೆಳೆಸುವ ಆರಂಭದ ಬಿರುಕು) ಓರೆಯಾಗಿ ಬೆಳೆದಿದೆ, ಅವನ್ನು ಕೈಬಿಟ್ಟಿದ್ದೇನೆ.