ಶಿಕಾಗೋ ಹತ್ತಿರ ಮಗಳ ಮನೆಗೆ ಹೊರಟಿದ್ದೇವೆ, ಕಟ್ಟಡಗಳನ್ನು ನೋಡಬೇಕು. ಎಲ್ಲಿಂದ ಶುರು ಮಾಡಲಿ?

ದಾವಣಗೆರೆ ಓವರ್‌ಸಿಯರ್

ಎಲ್ಲರಿಗೂ ನಮಸ್ಕಾರ. ಮೇ ಕೊನೆಗೆ ನಾನು, ನಮ್ಮ ಮನೆಯವರು ಮಗಳ ಮನೆಗೆ ಹೊರಟಿದ್ದೇವೆ. ಶಿಕಾಗೋದಿಂದ ಪಶ್ಚಿಮಕ್ಕಿರುವ ನೇಪರ್‌ವಿಲ್. ಹೋದ ಸಲ ಅಳಿಯಂದಿರು ಪಾಪ ರಜೆ ಹಾಕಿ ನಯಾಗರಾ ತೋರಿಸಿದರು. ಶನಿವಾರ ಬಂದರೆ ಅರೋರಾದ ಬಾಲಾಜಿ ದೇವಸ್ಥಾನ, ಭಾನುವಾರ ಮಾಲು. ಶಿಕಾಗೋಗೆ ಅಂತ ಹೋದ ದಿನ ಆ ಹೊಳೆಯುವ 'ಬೀನ್' ಶಿಲ್ಪದ ಮುಂದೆ ನಿಲ್ಲಿಸಿ ಫೋಟೋ ತೆಗೆದರು. ಅಷ್ಟರಲ್ಲಿ ಪಾರ್ಕಿಂಗ್ ಟೈಮ್ ಮುಗಿಯಿತು ಅಂತ ಹೊರಟೇಬಿಟ್ಟೆವು. ಉಳಿದ ಊರನ್ನೆಲ್ಲ ಕಾರಿನ ಕಿಟಕಿಯಿಂದ ಕತ್ತು ಮೇಲೆತ್ತಿ ನೋಡಿದ್ದೇ ಬಂತು.

ನಾನು ಲೋಕೋಪಯೋಗಿ ಇಲಾಖೆಯಲ್ಲಿದ್ದವನು. ಜೂನಿಯರ್ ಇಂಜಿನಿಯರ್ ಆಗಿ ಸೇರಿ ಎಇಇ (ಸಹಾಯಕ ಕಾರ್ಯಪಾಲಕ ಇಂಜಿನಿಯರ್) ಆಗಿ ನಿವೃತ್ತನಾದೆ. ಊರ ಜನ ಮಾತ್ರ ಕೊನೆವರೆಗೂ ಓವರ್‌ಸಿಯರ್ ಅಂತಲೇ ಕರೆದರು. ಕಟ್ಟಿಸಿದ್ದೆಲ್ಲ ಶಾಲೆ, ಆಸ್ಪತ್ರೆ, ಕ್ವಾರ್ಟರ್ಸು. ಮೂರು ಅಂತಸ್ತು ದಾಟಿದ್ದಿಲ್ಲ. ಅದರಲ್ಲೂ ಬಹುಪಾಲು ಎರೆ ಭೂಮಿಯಲ್ಲಿ. ಮಳೆಗಾಲದಲ್ಲಿ ಉಬ್ಬುತ್ತೆ, ಬೇಸಿಗೆಯಲ್ಲಿ ಬಿರಿಯುತ್ತೆ, ಗೋಡೆ ಸೀಳಿದರೆ ಬೈಗುಳ ನಮಗೆ. ಹಾಗಾಗಿ ಅಲ್ಲಿನ ವಿಲಿಸ್ ಟವರ್ 110 ಅಂತಸ್ತು ಅಂದರೆ ನನಗೆ ಮೊದಲು ಬರುವ ಪ್ರಶ್ನೆ, ಕೆಳಗೇನಿದೆ?

ಈ ಸಲ ವಾರದ ದಿನಗಳಲ್ಲಿ ನಾವಿಬ್ಬರೇ ರೈಲಿನಲ್ಲಿ ಹೋಗಿ ಬರೋಣ ಅಂತಿದ್ದೇವೆ. ಮಗಳು 'ಬೇಡಪ್ಪ, ಕಳೆದುಹೋಗ್ತೀರಿ' ಅನ್ನುತ್ತಾಳೆ. ಮನೆಯವರಿಗೆ ಮಂಡಿ ನೋವು, ಮೆಟ್ಟಿಲು ಕಷ್ಟ. ನಿಧಾನಕ್ಕೆ ನಡೆಯುತ್ತಾರೆ. ಅಲ್ಲಿರುವವರು, ಹೋಗಿ ಬಂದವರು ಹೇಳಿ: ಇದು ಆಗುವ ಮಾತಾ? ದುಡ್ಡು ಕೊಟ್ಟು ಆ ದೊಡ್ಡ ಟವರ್ ಹತ್ತಲೇಬೇಕಾ? 'ನೋಡಲೇಬೇಕಾದ ಇಪ್ಪತ್ತು ಜಾಗ' ಅಂತ ಪಟ್ಟಿ ದಯವಿಟ್ಟು ಬೇಡ, ಅಂಥವು ವಾಟ್ಸಾಪ್‌ನಲ್ಲಿ ಬೇಕಾದಷ್ಟು ಬಂದಿವೆ.

---

ಲೂಪ್‌ನಲ್ಲಿ ಆಫೀಸು

ಸಾಹೇಬ್ರೇ, ಧಾರಾಳವಾಗಿ ಆಗುವ ಮಾತು. ನಿಮ್ಮ ಮಗಳಿಗೆ ಹೇಳಿ, ಒಂದೇ ರಸ್ತೆ, ಒಂದೇ ದಿಕ್ಕು, ಕಳೆದುಹೋಗಲು ಅವಕಾಶವೇ ಇಲ್ಲ ಅಂತ. ನಾನು ಚಳ್ಳಕೆರೆ ಕಡೆಯವಳು. ಮದುವೆಯಾಗಿ ಇಲ್ಲಿಗೆ ಬಂದೆ, ನೀವು ಹತ್ತುವ ರೈಲಿನಲ್ಲೇ ದಿನಾ ಲೂಪ್‌ಗೆ, ಅಂದರೆ ಊರಿನ ನಡುಭಾಗಕ್ಕೆ, ಆಫೀಸಿಗೆ ಹೋಗುತ್ತೇನೆ. ನಮ್ಮ ಮಾವನವರು ಬಂದಾಗಲೂ ಇದೇ ದಾರಿ ತೋರಿಸಿದೆ. ಅವರು ಬ್ಯಾಂಕಿನವರು, ಅವರಿಗೆ ಅಷ್ಟು ರುಚಿಸಲಿಲ್ಲ. ನಿಮಗೆ ರುಚಿಸುತ್ತೆ.

ನೇಪರ್‌ವಿಲ್‌ನಲ್ಲಿ ಮೆಟ್ರಾ ರೈಲು ಹತ್ತಿ, ಬಿಎನ್‌ಎಸ್‌ಎಫ್ ಲೈನು. ಅದರ ಕೊನೆಯ ನಿಲ್ದಾಣವೇ ಯೂನಿಯನ್ ಸ್ಟೇಷನ್, ಇಳಿಯುವುದು ಎಲ್ಲಿ ಅಂತ ಯೋಚಿಸಬೇಕಿಲ್ಲ. ಇಳಿದವರು ಸೀದಾ ರಸ್ತೆಗೆ ಬರಬೇಡಿ. ಗ್ರೇಟ್ ಹಾಲ್ ಎಲ್ಲಿ ಅಂತ ಕೇಳಿಕೊಂಡು ಹೋಗಿ ಸ್ವಲ್ಪ ಕೂತುಕೊಳ್ಳಿ. 1925ರ ಕಟ್ಟಡ. ತಲೆ ಮೇಲೆ ಕಮಾನಿನ ಗಾಜಿನ ಚಾವಣಿ, ಕೆಳಗೆ ಉದ್ದುದ್ದ ಮರದ ಬೆಂಚು. ಟಿಕೆಟ್ ಇಲ್ಲ, ಟಾಯ್ಲೆಟ್ ಇದೆ.

ಆಮೇಲೆ ಆಡಮ್ಸ್ ಸ್ಟ್ರೀಟ್ ಹಿಡಿದು ಪೂರ್ವಕ್ಕೆ ನಡೆಯಿರಿ, ಮಿಶಿಗನ್ ಸರೋವರದ ಕಡೆಗೆ. ಅಲ್ಲಿಂದ ಮಿಶಿಗನ್ ಅವೆನ್ಯೂವರೆಗೆ ಒಂದೂವರೆ ಕಿಲೋಮೀಟರ್ ಕೂಡ ಇಲ್ಲ. ರಸ್ತೆ ಪೂರ್ತಿ ಸಪಾಟು. ನೀವು ಕೇಳಿದ 'ಕೆಳಗೇನಿದೆ' ಅನ್ನೋ ಪ್ರಶ್ನೆಗೆ ಉತ್ತರ ಇದೇ ರಸ್ತೆಯಲ್ಲಿದೆ.

ಕೆಳಗಿರುವುದು ಮೆತ್ತನೆಯ ಜೇಡಿ. ಊರು ಹುಟ್ಟಿದ್ದೇ ಜೌಗಿನ ಮೇಲೆ. ಗಟ್ಟಿ ಬಂಡೆ ಸಿಗಬೇಕಾದರೆ ಸುಮಾರು ನೂರು ಅಡಿ ಕೆಳಗೆ ಹೋಗಬೇಕು. 1850-60ರ ದಶಕದಲ್ಲಿ ಚರಂಡಿ ನೀರು ಹರಿಯಲು ಇಳಿಜಾರೇ ಇರಲಿಲ್ಲ. ಅದಕ್ಕೆ ರಸ್ತೆಗಳನ್ನೇ ಏರಿಸಿದರು, ಇಟ್ಟಿಗೆ ಕಟ್ಟಡಗಳಿಗೆ ಸ್ಕ್ರೂ ಜಾಕ್ ಕೊಟ್ಟು ಮೇಲಕ್ಕೆತ್ತಿದರು. 1871ರ ಅಕ್ಟೋಬರ್‌ನಲ್ಲಿ ಬೆಂಕಿ ಬಿದ್ದು ಊರಿನ ನಡುಭಾಗ ಸುಟ್ಟುಹೋಯಿತು, ಲಕ್ಷ ಜನ ಮನೆ ಕಳೆದುಕೊಂಡರು. ಮತ್ತೆ ಕಟ್ಟುವಾಗ ಜಾಗದ ಬೆಲೆ ಏರಿತ್ತು, ಲಿಫ್ಟ್ ಬಂದಿತ್ತು, ಕಬ್ಬಿಣ ಸಿಗುತ್ತಿತ್ತು. ಎತ್ತರಕ್ಕೆ ಹೋಗಬೇಕು, ಆದರೆ ನೆಲ ತಾಳುವುದಿಲ್ಲ. ಇಲ್ಲಿನ ಇಂಜಿನಿಯರ್‌ಗಳು ತಲೆ ಕೆಡಿಸಿಕೊಂಡಿದ್ದು ಇಲ್ಲೇ.

ಲಸಾಲ್ ಸ್ಟ್ರೀಟ್ ಅಡ್ಡ ಬರುವ ಮೂಲೆಯಲ್ಲಿ ಬಲಕ್ಕೆ ಕಂದು ಕೆಂಪು ಬಣ್ಣದ ಕಟ್ಟಡ ಕಾಣುತ್ತೆ, ಅದು ರೂಕರಿ. ಬರ್ನಮ್ ಮತ್ತು ರೂಟ್ ಅನ್ನೋ ವಾಸ್ತುಶಿಲ್ಪಿಗಳು ಕಟ್ಟಿದ್ದು, 1888. ಪಾಯಕ್ಕೆ ರೈಲು ಹಳಿಗಳನ್ನು ಅಡ್ಡಡ್ಡ, ಉದ್ದುದ್ದ ಪದರ ಪದರವಾಗಿ ಇಟ್ಟು ಕಾಂಕ್ರೀಟ್ ತುಂಬಿದ್ದಾರೆ, ಭಾರ ಅಗಲಕ್ಕೆ ಹಂಚಿಹೋಗಲಿ ಅಂತ. ಹೊರಗೆ ನಿಂತು ವಾಪಸ್ ಬರಬೇಡಿ. ವಾರದ ದಿನ ಲಾಬಿ ತೆರೆದಿರುತ್ತೆ, ಬಾಗಿಲು ತಳ್ಳಿ ಒಳಗೆ ಹೋಗಿ. ಗಾಜಿನ ಚಾವಣಿ, ಬಿಳಿ ಅಮೃತಶಿಲೆಯ ಮೇಲೆ ಚಿನ್ನದ ಬಣ್ಣದ ಗೆರೆ. ಅದು 1905ರಲ್ಲಿ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಮಾಡಿದ ಬದಲಾವಣೆ. ನಿಮ್ಮ ಮನೆಯವರಿಗೂ ಇದು ಖಂಡಿತ ಇಷ್ಟ ಆಗುತ್ತೆ.

ರೂಕರಿಯಿಂದ ಹೊರಗೆ ಬಂದು ಆಡಮ್ಸ್ ಸ್ಟ್ರೀಟಿನ ಆಚೆ ಬದಿ ನೋಡಿ. ಹೋಮ್ ಇನ್ಶೂರೆನ್ಸ್ ಬಿಲ್ಡಿಂಗ್ ಇದ್ದದ್ದು ಅಲ್ಲಿ. 1885, ಹತ್ತು ಅಂತಸ್ತು, ಕಟ್ಟಿದವರು ವಿಲಿಯಂ ಲ ಬ್ಯಾರನ್ ಜೆನ್ನಿ. ಭಾರವನ್ನು ಗೋಡೆಯ ಬದಲು ಲೋಹದ ಚೌಕಟ್ಟಿಗೆ ಹೊರಿಸಿದ ಮೊದಲಿಗರಲ್ಲಿ ಒಬ್ಬರು. ಜಗತ್ತಿನ ಮೊದಲ ಗಗನಚುಂಬಿ ಅಂತ ಎಲ್ಲರೂ ಹೇಳುವ ಕಟ್ಟಡವನ್ನು 1931ರಲ್ಲಿ ಒಡೆದು ಹಾಕಿದರು! ಈಗಿರುವುದು 1934ರ 45 ಅಂತಸ್ತಿನದು. ನನಗೆ ಈ ಮೂಲೆ ದಾಟುವಾಗೆಲ್ಲ ಸಿಟ್ಟು ಬರುತ್ತೆ.

ನಿಮಗೆ ಅಂತಲೇ ಇರುವುದು ಮುಂದಿನದು. ಡಿಯರ್‌ಬಾರ್ನ್ ಸ್ಟ್ರೀಟ್‌ನಲ್ಲಿ ಬಲಕ್ಕೆ ತಿರುಗಿ, ಜಾಕ್ಸನ್ ಮೂಲೆವರೆಗೆ. ಮೊನಾಡ್ನಾಕ್ ಬಿಲ್ಡಿಂಗ್. ಉತ್ತರದ ಅರ್ಧ 1891ರದು, 16 ಅಂತಸ್ತು, ಹೊರಗೋಡೆಯೇ ಭಾರ ಹೊರುತ್ತೆ. ಕೆಳಗೆ ಗೋಡೆ ಆರು ಅಡಿ ದಪ್ಪ. ಆರು ಅಡಿ! ಕಿಟಕಿಯ ಹತ್ತಿರ ನಿಂತರೆ ದಪ್ಪ ಗೊತ್ತಾಗುತ್ತೆ, ಕೈ ಚಾಚಿ ಅಳೆಯಿರಿ. ಎಂಟು ಇಂಚು ಕುಸಿಯುತ್ತೆ ಅಂತ ಮೊದಲೇ ಲೆಕ್ಕ ಹಾಕಿ ಅಷ್ಟು ಎತ್ತರಿಸಿ ಕಟ್ಟಿದ್ದರು. ಅದಕ್ಕಿಂತ ಜಾಸ್ತಿಯೇ ಕುಸಿಯಿತು. ದಕ್ಷಿಣದ ಅರ್ಧವನ್ನು ಎರಡೇ ವರ್ಷ ಬಿಟ್ಟು 1893ರಲ್ಲಿ ಉಕ್ಕಿನ ಚೌಕಟ್ಟಿನಲ್ಲಿ ಕಟ್ಟಿದರು, ಅಲ್ಲಿ ಗೋಡೆ ತೆಳ್ಳಗೆ. ಹಳೆಯ ಪದ್ಧತಿ ಮುಗಿದು ಹೊಸದು ಶುರುವಾದ ಜಾಗ ಒಂದೇ ಗೋಡೆಯ ಸಾಲಿನಲ್ಲಿ ಕಾಣುತ್ತೆ. ಆಮೇಲೆ ಕೈಯಲ್ಲಿ ಬಾವಿ ತೋಡಿ ಕೆಳಗಿನ ಗಟ್ಟಿ ಪದರದವರೆಗೆ ಕಂಬ ಇಳಿಸುವ ಪದ್ಧತಿ ಬಂತು. ಅಲ್ಲಿಂದ ಈ ಊರು ಹಿಂದೆ ನೋಡಲಿಲ್ಲ.

ಟವರ್ ವಿಷಯ. ವಿಲಿಸ್ ಟವರ್ ಕೂಡ ಇದೇ ದಾರಿಯಲ್ಲಿ, ಸ್ಟೇಷನ್ನಿಂದ ಹೊರಟು ನದಿ ದಾಟಿದ ಕೂಡಲೇ ಬಲಕ್ಕೆ. 1974ರಿಂದ 1998ರವರೆಗೆ ಜಗತ್ತಿಗೇ ಎತ್ತರ, 1,450 ಅಡಿ. ಇದರ ಸ್ಟ್ರಕ್ಚರ್ ಮಾಡಿದ ಫಜ್ಲುರ್ ರಹಮಾನ್ ಖಾನ್ ಢಾಕಾದಲ್ಲಿ ಹುಟ್ಟಿ, ಕಲ್ಕತ್ತಾ ಹತ್ತಿರದ ಶಿಬ್ಪುರ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಬಂದವರು. 75 ಅಡಿ ಚೌಕದ ಒಂಬತ್ತು ಕೊಳವೆಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಒಂದಾಗಿ ಬಿಗಿದರು. ಗಾಳಿಯನ್ನು ಒಂಬತ್ತೂ ಸೇರಿ ಎದುರಿಸುತ್ತವೆ. 50ನೇ ಅಂತಸ್ತಿಗೆ ಎರಡು ಕೊಳವೆ ಮುಗಿಯುತ್ತವೆ, 66ಕ್ಕೆ ಎರಡು, 90ಕ್ಕೆ ಮೂರು, ಉಳಿದ ಎರಡೇ ತುದಿವರೆಗೆ. ಇದನ್ನು ರಸ್ತೆಯಲ್ಲಿ ನಿಂತೇ ಎಣಿಸಬಹುದು, ಹತ್ತಿದರೆ ಕಾಣುವುದಿಲ್ಲ! ಕೆಳಗಿನ ಜಾಕ್ಸನ್-ಫ್ರಾಂಕ್ಲಿನ್ ಮೂಲೆಗೆ ಖಾನ್ ಹೆಸರಿನ ಗೌರವ ಫಲಕ ಇದೆ. 103ನೇ ಅಂತಸ್ತಿಗೆ ತಲೆಗೆ 30 ಡಾಲರ್ ಮೇಲೆ ಕೊಟ್ಟು ಕ್ಯೂ ನಿಲ್ಲುವುದು ನಿಮ್ಮ ಇಷ್ಟ. ಮೊಮ್ಮಕ್ಕಳಿದ್ದರೆ ಹೋಗಿ, ಗಾಜಿನ ನೆಲದ ಮೇಲೆ ನಿಂತು ಅವರು ಕುಣಿಯುತ್ತಾರೆ.

---

ಸರಸ್ವತಿಪುರಂ ಅಜ್ಜಿ

ಮೇಲಿನವರು ಚೆನ್ನಾಗಿ ಬರೆದಿದ್ದಾರೆ. ಆದರೆ ಯಜಮಾನರೇ, ಇದೆಲ್ಲ ನಿಮ್ಮ ಇಂಜಿನಿಯರಿಂಗ್ ಆಯಿತು. ಆ ತಾಯಿ ಮಂಡಿ ಹಿಡಿದುಕೊಂಡು ಗೋಡೆ ದಪ್ಪ ನೋಡುತ್ತಾ ನಿಲ್ಲಬೇಕಾ? ನಾನು ಮಗನ ಮನೆಗೆ ಹೋದಾಗ ಇದನ್ನೆಲ್ಲ ಅನುಭವಿಸಿದ್ದೇನೆ. ನಮ್ಮವರು ಸೈನ್ಸ್ ಮೇಷ್ಟ್ರು, ಒಂದೊಂದು ಕಂಬಕ್ಕೂ ಪಾಠ.

ಮೊದಲ ದಿನ ದೋಣಿ. ಶಿಕಾಗೋ ಆರ್ಕಿಟೆಕ್ಚರ್ ಸೆಂಟರ್‌ನವರ ನದಿ ಪ್ರವಾಸ, ಒಂದೂವರೆ ಗಂಟೆ. ತಲೆಗೆ 50 ಡಾಲರ್ ಮೇಲೆ ಆಗುತ್ತೆ, ಕೊಡಿ. ಕೂತಲ್ಲೇ ಊರೆಲ್ಲ ಕಣ್ಣ ಮುಂದೆ ಹೋಗುತ್ತೆ, ವಿವರ ಹೇಳುವವರು ಸ್ವಯಂಸೇವಕರು, ಬಲು ಪ್ರೀತಿಯಿಂದ ಹೇಳುತ್ತಾರೆ. ಮರೀನಾ ಸಿಟಿ ಅಂತ ಎರಡು ದುಂಡು ಕಟ್ಟಡ ಬರುತ್ತೆ. ಅಲ್ಲಿನ ಜನ ಅದಕ್ಕೆ ಮೆಕ್ಕೆಜೋಳದ ತೆನೆ ಅಂತಲೇ ಹೆಸರಿಟ್ಟಿದ್ದಾರೆ. ದಾವಣಗೆರೆಯವರಿಗೆ ಹೇಳಬೇಕಾ? ಕೆಳಗಿನ 19 ಅಂತಸ್ತು ಬರೀ ಕಾರು. ಕಾರುಗಳು ಅಂಚಿನಲ್ಲೇ ನಿಂತಿರುತ್ತವೆ. ನನಗೆ ಅದನ್ನು ನೋಡಿಯೇ ಎದೆ ಝಲ್ಲೆಂದಿತು.

ದೋಣಿಯಲ್ಲಿ ಮೇಲೆ ಕೂತರೆ ಗಾಳಿ. ಮೇ ತಿಂಗಳಾದರೂ ಸ್ವೆಟರ್, ಕಿವಿಗೆ ಸ್ಕಾರ್ಫ್ ಇರಲಿ. ದಾವಣಗೆರೆ ಬಿಸಿಲಿನಿಂದ ಬಂದವರಿಗೆ ಸರೋವರದ ಗಾಳಿ ಬೇಗ ಹಿಡಿಯುತ್ತೆ.

ಎರಡನೇ ದಿನ ಕಲ್ಚರಲ್ ಸೆಂಟರ್, ಮಿಲೇನಿಯಂ ಪಾರ್ಕಿನ ಎದುರಿಗೇ. 1897ರಲ್ಲಿ ಲೈಬ್ರರಿಗೆ ಅಂತ ಕಟ್ಟಿದ್ದು. 38 ಅಡಿ ಅಗಲದ ಬಣ್ಣದ ಗಾಜಿನ ಗುಮ್ಮಟ ಇದೆ, ಟಿಫನಿ ಕಂಪನಿಯದು. ಪುಕ್ಕಟೆ, ಲಿಫ್ಟ್ ಇದೆ, ಕೂರಲು ಜಾಗ ಇದೆ. ನಾನು ಗುಮ್ಮಟದ ಕೆಳಗೆ ಕೂತು ನಮ್ಮವರಿಗೆ, 'ನೀವು ಹೋಗಿ ಎಲ್ಲಿ ಬೇಕಾದರೂ ಸುತ್ತಿ ಬನ್ನಿ' ಅಂದೆ. ಇಬ್ಬರಿಗೂ ಸುಖ.

ಆಡಮ್ಸ್ ಸ್ಟ್ರೀಟ್ ಹೋಗಿ ಮುಟ್ಟುವುದು ಎಲ್ಲಿಗೆ ಅಂತ ಮೇಲಿನವರು ಹೇಳಲೇ ಇಲ್ಲ. ಆರ್ಟ್ ಇನ್‌ಸ್ಟಿಟ್ಯೂಟ್‌ಗೆ! 1893ರ ಸೆಪ್ಟೆಂಬರ್ 11ರಂದು ವಿವೇಕಾನಂದರು ಮಾತಾಡಿದ್ದು ಇದೇ ಕಟ್ಟಡದಲ್ಲಿ. ಮುಂದಿನ ರಸ್ತೆಗೆ ಅವರ ಹೆಸರಿನ ಫಲಕವೂ ಇದೆ. ಅದಕ್ಕೆ ಒಂದು ವರ್ಷ ಮೊದಲು ನಮ್ಮ ಮೈಸೂರಿಗೆ ಬಂದು ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದವರು ಅಲ್ವಾ, ಅಮೆರಿಕಕ್ಕೆ ಹೋಗಲು ಅರಸರು ನೆರವಿಗೆ ಮುಂದೆ ಬಂದಿದ್ದರು. ಶಿಕಾಗೋದಿಂದ ಮಹಾರಾಜರಿಗೆ ಪತ್ರವನ್ನೂ ಬರೆದಿದ್ದಾರೆ. ಬಾಗಿಲಲ್ಲಿ ಎರಡು ಕಂಚಿನ ಸಿಂಹ ಇವೆ. ಮೆಟ್ಟಿಲಿದೆ, ಆದರೆ ಹತ್ತಲಾಗದವರಿಗೆ ಬೇರೆ ದಾರಿ ಕೇಳಿದರೆ ತೋರಿಸುತ್ತಾರೆ.

---

ಉಡುಪಿ ಹುಡುಗ, ಓಕ್ ಪಾರ್ಕ್

ಸರ್, ಲೂಪ್ ಆದ ಮೇಲೆ ಒಂದು ದಿನ ಶಿಕಾಗೋ ಪಕ್ಕದ ನಮ್ಮ ಓಕ್ ಪಾರ್ಕ್‌ಗೆ ಬನ್ನಿ. ಯೂನಿಟಿ ಟೆಂಪಲ್ ಅಂತ ಇದೆ, ರೈಟ್ ಕಟ್ಟಿದ್ದು, 1908ರಲ್ಲಿ ಮುಗಿದದ್ದು. ಚರ್ಚನ್ನು ಗಿಲಾವು ಇಲ್ಲದ ಕಾಂಕ್ರೀಟಿನಲ್ಲಿ ಹಾಗೇ ಬಿಟ್ಟಿದ್ದಾರೆ. ಆ ಕಾಲಕ್ಕೆ ಭಾರಿ ಧೈರ್ಯ. 2019ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದೆ. ಅದರ ಹತ್ತಿರವೇ ರೈಟ್ ಇದ್ದ ಮನೆ ಮತ್ತು ಸ್ಟುಡಿಯೊ. ಅಲ್ಲಿ ಕೆಲಸ ಮಾಡಿದ ವಾಲ್ಟರ್ ಬರ್ಲಿ ಗ್ರಿಫಿನ್ ಆಮೇಲೆ ಕ್ಯಾನ್‌ಬೆರಾ ನಗರದ ನಕ್ಷೆ ಮಾಡಿದರು. ಕೊನೆಗೆ ಭಾರತಕ್ಕೆ ಬಂದು 1937ರಲ್ಲಿ ಲಖನೌದಲ್ಲಿ ತೀರಿಕೊಂಡರು. ಬೀದಿ ತುಂಬ ಮರ, ವಾಹನ ಕಡಿಮೆ. ಆಂಟಿಗೆ ಲೂಪ್‌ಗಿಂತ ಇದೇ ಆರಾಮ. ಯೂನಿಟಿ ಟೆಂಪಲ್ ಒಳಗೆ ಹೋಗಲು ಟಿಕೆಟ್ ಇದೆ, ತೆರೆದಿರುವ ದಿನ ನೋಡಿಕೊಂಡು ಬನ್ನಿ.

---

ದಾವಣಗೆರೆ ಓವರ್‌ಸಿಯರ್

ಎಲ್ಲರಿಗೂ ವಂದನೆ. ಹಳಿ ಹಾಸಿದ ಪಾಯದ ಮಾತು ಓದಿ ರಾತ್ರಿ ನಿದ್ದೆ ಬರಲಿಲ್ಲ. ಆರು ಅಡಿ ಗೋಡೆ ಹಾಕಿದರೆ ಗೋಡೆಯ ಸ್ವಂತ ಭಾರಕ್ಕೇ ಪಾಯ ಬೇಕಲ್ಲ! ಸರಸ್ವತಿಪುರಂ ತಾಯಿಯವರ ಬರಹವನ್ನು ನಮ್ಮ ಮನೆಯವರಿಗೆ ಓದಿ ಹೇಳಿದೆ. 'ನೋಡಿ, ಕಲಿತುಕೊಳ್ಳಿ' ಅಂದರು. ಮೊದಲ ದಿನ ದೋಣಿ ಅಂತ ತೀರ್ಮಾನ ಆಗಿದೆ, ನನ್ನನ್ನು ಯಾರೂ ಕೇಳಲಿಲ್ಲ.

ಎರಡು ಸಣ್ಣ ಪ್ರಶ್ನೆ. ಕುಸಿದಿರುವುದು ಬರಿಗಣ್ಣಿಗೆ ಕಾಣುವಂಥ ಕಟ್ಟಡ ಯಾವುದಾದರೂ ಇದೆಯಾ? ಮತ್ತೆ ರೈಲಿನಲ್ಲಿ ಬುತ್ತಿ ಬಿಚ್ಚಿ ತಿನ್ನಲು ಬಿಡುತ್ತಾರಾ?

---

ಲೂಪ್‌ನಲ್ಲಿ ಆಫೀಸು

ಇದೆ ಸಾಹೇಬ್ರೇ. ಆರ್ಟ್ ಇನ್‌ಸ್ಟಿಟ್ಯೂಟ್‌ನಿಂದ ಮಿಶಿಗನ್ ಅವೆನ್ಯೂದಲ್ಲೇ ದಕ್ಷಿಣಕ್ಕೆ ಸ್ವಲ್ಪ ನಡೆದರೆ ಆಡಿಟೋರಿಯಂ ಬಿಲ್ಡಿಂಗ್. ಆಡ್ಲರ್ ಮತ್ತು ಸಲಿವನ್ ಕಟ್ಟಿದ್ದು, 1889. ಕಲ್ಲಿನ ಗೋಡೆ, ಅದರ ಮೇಲೆ ಭಾರಿ ಗೋಪುರ. ಭಾರ ಒಂದೇ ಸಮ ಇಲ್ಲದ್ದರಿಂದ ಒಂದೇ ಸಮ ಕುಸಿಯಲಿಲ್ಲ, ಕೆಲವು ಕಡೆ ಎರಡು ಅಡಿಗಿಂತ ಜಾಸ್ತಿ ಇಳಿದಿದೆ. ಥಿಯೇಟರ್ ಲಾಬಿಯ ನೆಲದ ಇಳಿಜಾರು ಕಣ್ಣಿಗೇ ಕಾಣುತ್ತೆ. ಇಷ್ಟಾಗಿಯೂ ನಾಟಕ, ನೃತ್ಯ ಇವತ್ತಿಗೂ ನಡೆಯುತ್ತವೆ. ಒಳಗೆ ಹೋಗಲು ಟೂರ್ ಟಿಕೆಟ್ ಬೇಕು, ಮಗಳಿಗೆ ಹೇಳಿ ಮೊದಲೇ ಬುಕ್ ಮಾಡಿಸಿ.

ಮೆಟ್ರಾದಲ್ಲಿ ಬುತ್ತಿಗೆ ಅಡ್ಡಿಯಿಲ್ಲ, ನಾನೇ ದಿನಾ ಚಪಾತಿ ತಿನ್ನುತ್ತೇನೆ. ಎರಡು ಅಂತಸ್ತಿನ ಬೋಗಿ, ಮೇಲಕ್ಕೆ ಹೋಗುವ ಮೆಟ್ಟಿಲು ಕಡಿದು. ಆಂಟಿಯನ್ನು ಕೆಳಗೇ ಕೂರಿಸಿ. ಬೆಳಿಗ್ಗೆ ಆಫೀಸಿನವರ ಗದ್ದಲ ಕಳೆದ ಮೇಲೆ, ಒಂಬತ್ತೂವರೆ ಸುಮಾರಿಗೆ ಹೊರಡಿ. ವಾಪಸ್ ಬರುವಾಗ ಸಂಜೆ ನಾಲ್ಕರ ಒಳಗೆ ರೈಲು ಹತ್ತಿಬಿಡಿ, ಆಮೇಲೆ ನಿಲ್ಲಲೂ ಜಾಗ ಕಷ್ಟ. ಮಧ್ಯಾಹ್ನದ ಹೊತ್ತು ರೈಲುಗಳ ನಡುವೆ ಅಂತರ ಜಾಸ್ತಿ, ಹೊರಡುವ ಮುಂಚೆ ಅಳಿಯಂದಿರ ಫೋನಿನಲ್ಲಿ ಟೈಮ್ ನೋಡಿ ಬರೆದುಕೊಳ್ಳಿ.