ಸೀತನಿನೂ ಆಗ್ಬೇಕು, ವೈನ್ ತೋಟಾನೂ ನೋಡ್ಬೇಕು: ಅಕ್ಕಲಕೋಟಿಂದ ಒಂದ ದಿನದಾಗ ಆಗ್ತದೇನ್ರಿ?

ಅಕ್ಕಲಕೋಟಿ ಅಕ್ಕೋರು:

ಎಲ್ಲಾರಿಗೂ ಶರಣ್ರಿ. ನಾ ಅಕ್ಕಲಕೋಟಿ ತಾಲೂಕಿನ ಒಂದು ಕನ್ನಡ ಸಾಲ್ಯಾಗ ಕಲಸ್ತೀನಿ. ಜನವರಿದಾಗ ನಮ್ಮ ನಾದಿನಿ, ಆಕಿ ಗಂಡ ಬೆಂಗಳೂರಿಂದ ನಾಕು ದಿನ ರಜಾ ಹಾಕಿ ಬರ್ಲಿಕತ್ತಾರ. ಪ್ರತಿ ಸಲ ಬಂದಾಗ ಸ್ವಾಮಿ ಸಮರ್ಥರ ಗುಡಿ, ಸೊಲ್ಲಾಪುರದ ಸಿದ್ದೇಶ್ವರ ಕೆರಿ, ಒಂದು ಚಾದರ ಖರೀದಿ, ಇಷ್ಟರಾಗ ಮುಗೀತದ. ಈ ಸಲ ಅಣ್ಣಾರು, ಅಂದ್ರ ನಾದಿನಿ ಗಂಡ, ಫೋನಿನಾಗ, “ನಿಮ್ಮ ಜಿಲ್ಲಾದಾಗ ಅಕಲೂಜ ಕಡೆ ದೊಡ್ಡ ವೈನ್ ತೋಟ ಅದಂತ, ನೋಡೂಣೇನು?” ಅಂದ್ರು. ನಾದಿನಿಗೆ ಸೀತನಿ, ಅಂದ್ರ ಕೆಂಡದಾಗ ಸುಟ್ಟ ಹಸಿ ಜ್ವಾಳದ ಕಾಳು, ಬೇಕು. ಆಕಿ ಹೊಲದಾಗ ಕುಂತು ಸೀತನಿ ತಿಂದು ಹನ್ನೊಂದು ವರ್ಷ ಆಗ್ಯದ.

ಎರಡೂ ಒಂದ ದಿನಕ್ಕ ಕೂಡಸ್ಬೇಕಂತ ನನ್ನ ಆಸೆ. ಆದ್ರ ಅಕ್ಕಲಕೋಟಿಂದ ಸೊಲ್ಲಾಪುರಕ್ಕ 40 ಕಿಲೋಮೀಟರ್, ಅಲ್ಲಿಂದ ಅಕಲೂಜಿಗೆ ಮತ್ತ 110ರ ಮ್ಯಾಲ. ಹ್ಯಾಂಗ ಹೊಂದಸ್ಬೇಕು ಹೇಳ್ರಿ.

ಎರಡನೇದು, ನಮ್ಮ ಅತ್ತಿಯವರ ಮಾತು. 68 ವರ್ಷ, ದಿನಾ ಲಿಂಗಪೂಜಿ ಮಾಡ್ದ ಬಾಯಾಗ ನೀರ ಹಾಕೂದಿಲ್ಲ. ಮನ್ಯಾಗ ಒಬ್ಬರನ್ನ ಬಿಟ್ಟು ಹೋಗ್ಲಿಕ್ಕೆ ಮನಸ್ಸಿಲ್ಲ. ವೈನ್ ಮಾಡೂ ಜಾಗಾಕ್ಕ ಕರ್ಕೊಂಡು ಹೋದ್ರ ಅವರಿಗೆ ಮುಜುಗರ ಆಗ್ತದೇನು? ಕುಡೀದವ್ರಿಗೆ ಅಲ್ಲಿ ನೋಡ್ಲಿಕ್ಕೆ ಏನರ ಅದನೋ ಇಲ್ಲೋ?

ಮೂರನೇದು, ನಾನೂ ನಮ್ಮ ಮನಿಯವರೂ ವೈನ್ ಅಂಬೂದನ್ನ ಎಂದೂ ಮುಟ್ಟಿಲ್ಲ. ನಮ್ಮನಿಯವರ ಗಾಡಿ ಹೊಡೀತಾರ, ಅವರು ಮುಟ್ಟೂದಿಲ್ಲ. ನನಗ ಒಂದು ಗುಟುಕು ರುಚಿ ನೋಡ್ಬೇಕಂತ ಅದ. ಯಾಕಂದ್ರ ನಮ್ಮಪ್ಪಂದು ಒಂದೂವರಿ ಎಕರೆ ದ್ರಾಕ್ಷಿ ಪಡ ಇತ್ತು. ಸಣ್ಣಾಕಿದ್ದಾಗ ಸಾಲಿಗೆ ರಜಾ ಅಂದ್ರ ನಮಗ ಜಿಎ ಡಿಪ್ಪಿಂಗ್, ಅಂದ್ರ ಕಾಳು ದೊಡ್ಡದಾಗ್ಲಿ ಅಂತ ಗೊನಿ ಜಿಬ್ಬರೆಲಿಕ್ ಆಮ್ಲದಾಗ ಅದ್ದೂದು. ಮಗ್ಗಿನ್ಯಾಗ ಔಷಧಿ ಹಿಡ್ಕೊಂಡು ಒಂದೊಂದ ಗೊನಿ ಮುಳುಗಿಸಿ ತಗೀಬೇಕು, ಸಂಜೀಕ ಕುತ್ತಿಗಿ ಮ್ಯಾಲ ಎತ್ತಲಿಕ್ಕೆ ಬರ್ತಿದ್ದಿಲ್ಲ. ಒಂದು ವರ್ಷ ಒಬ್ಬ ವ್ಯಾಪಾರಿ ಪೂರಾ ಮಾಲ ಹೇರ್ಕೊಂಡು ಹೋದಂವ ರೊಕ್ಕ ಕೊಡ್ಲೇ ಇಲ್ಲ. ಅದರ ಮುಂದಿನ ವರ್ಷ ಅಪ್ಪ ಪಡ ಕಡಿಸಿದ್ರು. ಅದಾದ ಮ್ಯಾಲ ನಾ ಒಂದು ದ್ರಾಕ್ಷಿ ತೋಟದಾಗ ಕಾಲಿಟ್ಟಿಲ್ಲ.

ಇನ್ನೊಂದ ಮಾತು. ಹೋದ ವರ್ಷ ಹುರಡಾ (ಸೀತನಿಗೆ ಮರಾಠಿ ಹೆಸರು) ಪಾರ್ಟಿ ಅಂತ ಬೋರ್ಡ್ ಹಚ್ಚಿದ ಒಂದು ಕಡೆ ಹೋಗಿದ್ವಿ. ಜೋಕಾಲಿ, ಒಂಟಿ ಸವಾರಿ, ಕಿವಿ ಕಿತ್ತು ಹೋಗೂ ಹಾಡು ಎಲ್ಲಾ ಇತ್ತು. ಸೀತನಿ ಮಾತ್ರ ಎಂದೋ ಸುಟ್ಟು ಇಟ್ಟದ್ದು, ತಣ್ಣಗ, ರಬ್ಬರಿನಂಗ. ಮಕ್ಕಳು ಬಾಯಾಗಿಂದು ಹೊರಗ ತಗದ್ವು. ಆ ತರ ಜಾಗ ಬ್ಯಾಡ.

ಸೊಲ್ಲಾಪುರ ಗಾಡಿ:

ಅಕ್ಕೋರ, ನಾ ಟೂರಿಸ್ಟ್ ಗಾಡಿ ಹೊಡಿಯಾಂವ. ವೈನ್ ತೋಟಕ್ಕ ಮಂದಿನ್ನ ಒಯ್ದೀನಿ.

ಮೊದಲ ತಾರೀಖು ನೋಡ್ರಿ. ಜನವರಿ 12ರಿಂದ 16ರ ತನಕ ಸೊಲ್ಲಾಪುರದಾಗ ಸಿದ್ದೇಶ್ವರರ ಗಡ್ಡಾ ಜಾತ್ರಿ. ಏಳು ನಂದಿಕೋಲು ಊರಾಗ ತಿರಗತಾವ, ಆ ರಸ್ತಾದಾಗ ಗಾಡಿ ಹಾಯೂದಿಲ್ಲ. ಜನವರಿ 26ಕ್ಕ ಡ್ರೈ ಡೇ, ಅಂದು ವೈನ್ ಸಿಗೂದಿಲ್ಲ. ಇವೆರಡರ ನಡಬರಕ ಇರೂ ಶನಿವಾರ ಹಿಡೀರಿ.

ಸೀತನಿಗಂತ ನಾನ್ನಜ ಕಡೆ ಹೋಗ್ಬ್ಯಾಡ್ರಿ. ಚಲೋ ಊರದು, ಸೋನಾಕಾ ದ್ರಾಕ್ಷಿ ಹುಟ್ಟಿದ್ದೇ ಅಲ್ಲಿ, ಎರಿಬೂತ ಹಕ್ಕಿ ಅಭಯಾರಣ್ಯ ಅದ. ಆದ್ರ ಅದು ಬಾರ್ಶಿ ದಾರಿ, ನಿಮಗ ಉಲ್ಟಾ. ನೀವು ಮಂಗಳವೇಡಿ ಮ್ಯಾಲ ಹಾಯ್ರಿ. ಮುಂಜಾನೆ ಆರಕ್ಕ ಮನಿ ಬಿಟ್ರ ಎಂಟೂವರಿ ಒಂಬತ್ತಕ್ಕ ಮಂಗಳವೇಡಿ ಸೀಮಿದಾಗ ಇರ್ತೀರಿ. ಬಿಸಲು ಏರೂದ್ರೊಳಗ ಸೀತನಿ. ಹನ್ನೊಂದಕ್ಕ ಎದ್ದು ಪಂಢರಪುರ ಬೈಪಾಸ್ ಹಿಡದ್ರ ಒಂದರ ಸುಮಾರಿಗೆ ಅಕಲೂಜ ದಾಟಿ ವೈನ್ ತೋಟ ಇರೂ ಮೋಟೆವಾಡಿ. ತೋಟಕ್ಕ ಮೊದಲ ಫೋನ್ ಮಾಡಿ ಹೆಸರು ಬರಸ್ರಿ, ಹಂಗ ಹೋಗಿ ಗೇಟಿನ ಮುಂದ ನಿಂತ್ರ ಕೆಲಸ ಆಗೂದಿಲ್ಲ. ಊಟ ಶಾಕಾಹಾರಿ ಅಂತ ಆವಾಗ್ಲೇ ಹೇಳಿಬಿಡ್ರಿ.

ಮನಿಯವರು ಮುಟ್ಟೂದಿಲ್ಲಂತ ಅಂದ್ರಿ, ಅದು ಚಲೋ ಆತು. ಕಾಯ್ದೆ ಪ್ರಕಾರ 100 ಮಿಲಿ ರಕ್ತದಾಗ 30 ಮಿಲಿಗ್ರಾಂ ಮೀರಿದ್ರ ಕೇಸು. ಹೊಳ್ಳಿ ಬರೂಮುಂದ ಕತ್ತಲಾಗ್ತದ, ಕಬ್ಬಿನ ಟ್ರಾಕ್ಟರ್ ಎರಡೆರಡು ಟ್ರೇಲರ್ ಜಗ್ಗಿಕೊಂಡು ಹೊಂಟಿರ್ತಾವ, ಹಿಂದ ಲೈಟ್ ಇರೂದಿಲ್ಲ. ಗಾಡಿ ಸಾವಕಾಶ ಹೊಡೀರಿ.

ಜತ್ತ ಪೂರ್ವಭಾಗ:

ಅಕ್ಕೋರ, ನಿಮ್ಮಪ್ಪನ ಪಡದ ಮಾತು ಓದಿ ಸುಮ್ಮ ಕುಂದ್ರಲಿಕ್ಕೆ ಆಗ್ಲಿಲ್ಲ. ನಂದೂ ಇದ ಹಾಡು.

2001ರಾಗ ಮಹಾರಾಷ್ಟ್ರ ಸರಕಾರ ದ್ರಾಕ್ಷಿ ಸಂಸ್ಕರಣಾ ಧೋರಣಿ ತಂತು, ನಮ್ಮ ಸಾಂಗ್ಲಿ ಜಿಲ್ಲಾದ ಪಲೂಸದಾಗ ವೈನ್ ಪಾರ್ಕ್ ಮಾಡ್ತು. ಆ ಹುರುಪಿನ್ಯಾಗ ನಾನೂ ಎರಡು ಎಕರೆ ವೈನ್ ದ್ರಾಕ್ಷಿ ಹಚ್ಚಿದೆ. ಒಂದು ಕಂಪನಿ ಕರಾರು ಬರಕೊಟ್ಟಿತ್ತು. ಎರಡು ವರ್ಷ ಮಾಲ ಒಯ್ದ್ರು. ಮೂರನೇ ವರ್ಷ, 2009ರ ಆಚೀಚೆ, ವೈನ್ ಮಾರಾಟ ಆಗವಲ್ತು ಅಂತ ಫೋನ್ ಎತ್ತೂದ ಬಿಟ್ರು. ತಿನ್ನೂ ಥಾಮ್ಸನ್ ದ್ರಾಕ್ಷಿ ಆದ್ರ ಪ್ಯಾಟಿಗರ ಒಯ್ಯಬಹುದು, ಇಲ್ಲಾ ಮಣೂಕ (ಒಣ ದ್ರಾಕ್ಷಿ) ಮಾಡಬಹುದು. ವೈನ್ ದ್ರಾಕ್ಷಿ ಕಾಳು ಸಣ್ಣದು, ಸಿಪ್ಪಿ ದಪ್ಪ, ಒಳಗ ಬೀಜ. ಯಾರು ತಿಂತಾರ? ಗಿಡದ ಮ್ಯಾಲೇ ಕೊಳೀತು. ನಾ ಒಬ್ಬನ ಅಲ್ಲ, ಆಗ ಭಾಳ ಮಂದಿ ಬೇರ ಸಮೇತ ಕಿತ್ತು ಒಗದ್ರು.

ಇಷ್ಟಾದ್ರೂ ಹೋಗಿ ನೋಡ್ರಿ ಅಂತ ಹೇಳ್ತೀನಿ. ಅಕಲೂಜಿನ ಫ್ರಾಟೆಲ್ಲಿ ತೋಟ ನಾ ನೋಡೀನಿ. ಫ್ರಾಟೆಲ್ಲಿ ಅಂದ್ರ ಇಟಲಿ ಮಾತಿನ್ಯಾಗ ಅಣ್ಣತಮ್ಮಂದಿರು. ಅಕಲೂಜಿನ ಮೋಹಿತೆ-ಪಾಟೀಲರು, ದಿಲ್ಲಿ ಕಡೆ ಸೇಖ್ರಿ ಮನಿತನದವ್ರು, ಇಟಲಿಯ ಸೆಚ್ಚಿ ಅಣ್ಣತಮ್ಮಂದಿರು, ಹಿಂಗ ಮೂರು ಜೋಡಿ ಕೂಡಿ ಕಟ್ಟಿದ್ದು. ಟಸ್ಕನಿಯ ಪಿಯೆರೊ ಮಾಸಿ ಅಂಬವ್ರು ವೈನ್ ಮಾಡೂ ಹದ ಹಾಕಿಕೊಟ್ಟವ್ರು. ಟಸ್ಕನಿ ಸೀಮಿಯ ಸಾಂಜೊವೆಸೆ ದ್ರಾಕ್ಷಿ ಮಾಳಶಿರಸ ತಾಲೂಕಿನ ಬಿಸಲಾಗ ನಿಂತದ್ದನ್ನ ನೋಡಿದ್ರ ದ್ರಾಕ್ಷಿ ಬೆಳದವ್ರ ಕಣ್ಣಿಗೆ ಅದು ಬ್ಯಾರೇನ ಕಾಣ್ತದ.

ಒಂದು ಮಾತು ಲಕ್ಷ್ಯ ಇಟ್ಟು ನೋಡ್ರಿ. ಅಲ್ಲಿ ಜಿಎ ಡಿಪ್ಪಿಂಗ್ ಇಲ್ಲ. ನಾವು ಕಾಳು ದೊಡ್ಡದಾಗ್ಲಿ ಅಂತ ಜೀವ ತಿಂದ್ಕೊಂಡ್ವಿ, ಅವರಿಗೆ ಕಾಳು ಸಣ್ಣದೇ ಇರಬೇಕು. ಬಣ್ಣ, ಒಗರು, ವಾಸನಿ ಹೆಚ್ಚಾಗಿ ಸಿಪ್ಪ್ಯಾಗ. ಕಾಳು ಸಣ್ಣದಾದಷ್ಟು ರಸಕ್ಕ ಸಿಪ್ಪಿ ಪಾಲು ಹೆಚ್ಚು. ಆದ್ರ ಚಾಟ್ನಿ (ಬಳ್ಳಿ ಕತ್ತರಿಸೂದು) ಮಾತ್ರ ನಮ್ಮಂಗ ಎರಡು. ಎಪ್ರಿಲ್ ಚಾಟ್ನಿ ಕಡ್ಡಿಗೆ, ಸೆಪ್ಟೆಂಬರ್-ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಇಟಲಿದಾಗ ಥಂಡಿಗೆ ಬಳ್ಳಿ ನಿದ್ದಿ ಹೋಗ್ತದ, ವರ್ಷಕ್ಕ ಒಂದ ಚಾಟ್ನಿ ಸಾಕು. ನಮ್ಮಲ್ಲಿ ಬಳ್ಳಿ ಮಲಗೂದ ಇಲ್ಲ.

ಈಗ ನಂದು ಪೂರಾ ಮಣೂಕ. ಪೊಟ್ಯಾಶಿಯಂ ಕಾರ್ಬೋನೇಟ್, ಡಿಪ್ಪಿಂಗ್ ಆಯಿಲ್ ಕೂಡಿಸಿದ ನೀರಾಗ ಅದ್ದಿ, ಶೆಡ್ಡಿನ ಜಾಳಗಿ ಮ್ಯಾಲ ಎರಡು ವಾರ. ನಾಕು ಕಿಲೋ ಹಣ್ಣಿಗೆ ಒಂದು ಕಿಲೋ. ಮಾರ್ಚದಾಗ ಜತ್ತ ಕಡೆ ಬಂದ್ರ ಅದನ್ನೂ ತೋರಸ್ತೀನಿ.

ಕಾಸರಗೋಡಿನವ, ಈಗ ಪುಣೆ:

ಟೀಚರೇ, ನಾನು ಹೋಟೆಲಿನಲ್ಲಿ ಊಟದ ವಿಭಾಗದಲ್ಲಿ ಇರುವವ. ವೈನ್ ಬಡಿಸುವುದು ನನ್ನ ದಿನನಿತ್ಯದ ಕೆಲಸ. ಮೊದಲ ಸಲ ರುಚಿ ನೋಡುವವರಿಗೆ ನಾನು ಹೇಳುವುದು ಇಷ್ಟು.

ಖಾಲಿ ಹೊಟ್ಟೆಯಲ್ಲಿ ಬೇಡ. ಬಿಳಿಯದ್ದರಿಂದ ಶುರುಮಾಡಿ, ಕೆಂಪು ಆಮೇಲೆ. ಗ್ಲಾಸನ್ನು ದಂಟಿನಲ್ಲಿ ಹಿಡಿಯಿರಿ, ಮೊದಲು ಮೂಸಿ, ಮತ್ತೆ ಒಂದು ಸಣ್ಣ ಗುಟುಕು ಬಾಯಿ ತುಂಬ ಆಡಿಸಿ. ನುಂಗಲೇಬೇಕೆಂದಿಲ್ಲ. ಉಗುಳಲು ಅಲ್ಲೇ ಪಾತ್ರೆ ಉಂಟು, ವೈನ್ ಮಾಡುವವರೇ ಹಾಗೆ ಮಾಡುತ್ತಾರೆ, ಅದಕ್ಕೆ ಯಾರೂ ಏನೂ ಎಣಿಸುವುದಿಲ್ಲ. ಟೇಬಲ್ ವೈನಿನಲ್ಲಿ ಸಾಧಾರಣ ನೂರಕ್ಕೆ ಹನ್ನೆರಡು-ಹದಿಮೂರು ಪಾಲು ಆಲ್ಕೋಹಾಲ್ ಇರುತ್ತದೆ, ಸ್ಟ್ರಾಂಗ್ ಅಲ್ಲದ ಮಾಮೂಲಿ ಬಿಯರಿನ ಎರಡು ಪಟ್ಟಿಗಿಂತಲೂ ಹೆಚ್ಚು. ಶರಬತ್ತಿನ ಹಾಗೆ ಕುಡಿದರೆ ತಲೆ ತಿರುಗುತ್ತದೆ.

ನಿಮ್ಮ ಕಡೆಯ ಊಟದ ಜೊತೆ ಕೆಂಪು ವೈನ್ ಜಾಗ್ರತೆ ಮಾರಾಯ್ರೆ. ಸೊಲ್ಲಾಪುರದ ಶೇಂಗಾ ಚಟ್ನಿ ನಾನು ತಿಂದಿದ್ದೇನೆ. ಕೆಂಪು ವೈನಿನ ಒಗರು ಆ ಖಾರವನ್ನು ಇನ್ನೂ ಎಬ್ಬಿಸುತ್ತದೆ, ಬಾಯಿ ಉರಿಯುತ್ತದೆ. ಅದಕ್ಕೆ ತಣ್ಣಗಿನ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್ ಕೇಳಿ. ಅದರಲ್ಲಿ ಹುಳಿ ಉಂಟು, ಚೂರು ಸಿಹಿ ಇದ್ದದ್ದು ಸಿಕ್ಕಿದರೆ ಇನ್ನೂ ಒಳ್ಳೆಯದು, ಖಾರವನ್ನು ತಣಿಸುತ್ತದೆ. ಬದನೆಕಾಯಿ ಎಣ್ಣೆಗಾಯಿಗೆ ಮಾತ್ರ ಹಗುರದ ಸಾಂಜೊವೆಸೆ ಕೆಂಪು ವೈನ್ ಹೊಂದುತ್ತದೆ, ನಾನೇ ಮನೆಯಲ್ಲಿ ಮಾಡಿ ನೋಡಿದ್ದು.

ಬಾಟಲಿ ಕೊಂಡರೆ ಬಿಲ್ಲು ಇಟ್ಟುಕೊಳ್ಳಿ. ನಿಮ್ಮ ನಾದಿನಿಯವರು ಬೆಂಗಳೂರಿಗೆ ಒಯ್ಯುವುದಾದರೆ ಎರಡೂ ರಾಜ್ಯಗಳ ಅಬಕಾರಿ ನಿಯಮ ಬೇರೆ ಬೇರೆ, ಮೊದಲೇ ವಿಚಾರಿಸಲಿ.

ನೀಲಮ್ಮ ಆಯಿ:

ತಂಗಿ, ಅತ್ತಿಯವರಿಗೆ ಮುಜುಗರ ಆಗ್ತದೇನಂತ ನಮ್ಮನ್ನ ಕೇಳೀದಿ. ಅವರನ್ನ ಕೇಳಿದೇನು? ನಾ ಅವರಕಿಂತ ಮೂರು ವರ್ಷ ಹಿರ್ಯಾಕಿ. ನನ್ನ ಮಕ್ಕಳು ಎಲ್ಲರ ಹೊಂಟ್ರ “ಆಯಿಗೆ ಆಗೂದಿಲ್ಲ” ಅಂತ ತಾವ ತೀರ್ಮಾನ ಮಾಡ್ತಾರ. ಅದರ ಸಂಕಟ ನನಗ ಗೊತ್ತದ. ಅವರ ಪೂಜಿ ಆಗೂ ತನಕ ಅರ್ಧಾ ತಾಸು ತಡಾ ಮಾಡ್ರಿ, ಆರರ ಬದ್ಲಿ ಆರೂವರಿ. ಒಂದು ಬುತ್ತಿ ಕಟ್ಕೋರಿ: ಖಟಕ್ ರೊಟ್ಟಿ, ಗಟ್ಟಿ ಮೊಸರು, ಶೇಂಗಾ ಹೋಳಿಗಿ.

ಅಕ್ಕಲಕೋಟಿ ಅಕ್ಕೋರು:

ಆಯಿ, ನಿಮ್ಮ ಮಾತು ಓದಿ ಅವತ್ತ ರಾತ್ರಿನೇ ಅತ್ತಿಯವರನ್ನ ಕೇಳಿದೆ. “ದ್ರಾಕ್ಷಿ ತೋಟ ನೋಡ್ಲಿಕ್ಕೆ ಯಾಕ ಆಗೂದಿಲ್ಲ, ಬರ್ತೀನಿ” ಅಂದ್ರು. ನಾ ಒಂದು ತಿಂಗಳ ಸುಮ್ಮನ ತಲಿ ಕೆಡಿಸಿಕೊಂಡಿದ್ದೆ.

ಗಡ್ಡಾ ಜಾತ್ರಿ ಮುಗದ ಮ್ಯಾಲಿನ ಶನಿವಾರ ಹೋಗಿ ಬಂದ್ವಿ. ಮಂಗಳವೇಡಿ ಹತ್ರ ನಮ್ಮ ಸಾಲಿ ಸಹೋದ್ಯೋಗಿ ಒಬ್ಬರ ಸೋದರಮಾವನ ಹೊಲ. ಬೋರ್ಡಿಲ್ಲ, ಜೋಕಾಲಿ ಇಲ್ಲ. ಎರಿ ಹೊಲ, ಎದಿಮಟ್ಟ ಜ್ವಾಳ, ದೂರದ ತನಕ ಒಂದು ಗಿಡ ಇಲ್ಲ. ಮಂಗಳವೇಡಿ ಜ್ವಾಳಕ್ಕ 2016ರಾಗ ಜಿಐ (ಭೌಗೋಳಿಕ ಗುರುತು) ಮಾನ್ಯತಾ ಸಿಕ್ಕದ, ನೀರು ಹಾಯಿಸ್ದ ಎರಿ ಮಣ್ಣಿನ ತೇವದ ಮ್ಯಾಲ ಬೆಳೀತದ. ಆದ್ರ ಮಾವ ಹೇಳಿದ್ರು, ಮಾಲದಂಡಿ ತಳಿ ರೊಟ್ಟಿಗೆ, ಸೀತನಿಗೆ ಬ್ಯಾರೆ ತಳಿ. ಅದಕ್ಕಂತ ಅವರು ಬದುವಿನ ಬಾಜೂಕ ನಾಕು ಸಾಲು ಗೂಳಭೆಂಡಿ ಹಾಕಿದ್ರು. ತೆನಿ ತಿಕ್ಕಿದ್ರ ಕಾಳು ಸಲೀಸ ಬಿಡ್ತದ, ರುಚಿ ಸಿಹಿ.

ನೆಲದಾಗ ತಗ್ಗು ತೋಡಿ ಕುಳ್ಳಿನ ಕೆಂಡ ಮಾಡಿದ್ರು. ತೆನಿ ಕೆಂಡದಾಗ ಹೊರಳಿಸಿ, ಅಂಗೈಯಾಗ ಬಡದು ತಿಕ್ಕಿ, ಬೂದಿ ಊದಿ, ಹಸರ ಕಾಳು ಹೊಗಿ ಆಡೂ ಹೊತ್ತಿನ್ಯಾಗನ ಕೈಗೆ ಹಾಕಿದ್ರು. ಜೋಡಿಗೆ ಹಿಂಡಿ (ಚಟ್ನಿ ಪುಡಿ), ಬೆಲ್ಲ, ಮೊಸರು. ಮಾತಾಡ್ಲಿಕ್ಕೆ ಯಾರಿಗೂ ಬಾಯಿ ಖಾಲಿ ಇದ್ದಿಲ್ಲ. ನಾದಿನಿ ಕೈ ಕರ್ರಗ ಆಗೂ ತನಕ ತಾನ ತಿಕ್ಕಿದ್ಲು, ಅಂಗೈ ಸುಟ್ರೂ ಬಿಡ್ಲಿಲ್ಲ. ಅಲ್ಲಿ ಒಂದು ತಾಸು ಅಂತ ಇಟ್ಟದ್ದು ಎರಡೂವರಿ ತಾಸು ಆತು. ನೀವು ಹೋಗೂದಾದ್ರ ಆ ಹೊತ್ತು ಮೊದಲ ಲೆಕ್ಕದಾಗ ಹಿಡೀರಿ.

ತೋಟಕ್ಕ ಮುಟ್ಟೂದ್ರೊಳಗ ಎರಡೂವರಿ. ಫೋನ್ ಮಾಡಿ ತಡ ಅಂತ ತಿಳಿಸಿದ್ವಿ, ನಡೀತು. ಸ್ಟೀಲ್ ಟಾಕಿಗಳ ಮುಂದ ಅತ್ತಿಯವರು ನಿಂತು, “ಇದು ಅಂಬಲಿ ಹುಳಿ ಬಂದ ವಾಸನಿ” ಅಂದ್ರು. ಹಿಟ್ಟು ಹುದಗು ಬರೂದೂ ಇದೂ ಒಂದ ಜಾತಿ ಕೆಲಸ ಅಂತ ಅವರಿಗೆ ಕೂಡ್ಲೇ ತಿಳೀತು. ಒಂದು ಬಾಟಲಿಗೆ ಎಷ್ಟು ಹಣ್ಣು ಅಂತ ಕೇಳಿದ್ರು. ಕಿಲೋದಷ್ಟು ಬೇಕಂತ. ಬಿಳಿ ವೈನಿಗೆ ಮೊದಲ ಹಿಂಡಿ ರಸ ಅಷ್ಟ ಹುದಗಿಗೆ ಇಡ್ತಾರ, ಕೆಂಪಿಗೆ ಸಿಪ್ಪಿ ಸಮೇತ ಇಡ್ತಾರ, ಬಣ್ಣ ಆ ಸಿಪ್ಪಿದು. ಓಕ್ ಪೀಪಾಯಿ ಇಟ್ಟ ಖೋಲ್ಯಾಗ ತಂಪು, ಹೊರಗಿನ ಬಿಸಲು ಮರತೇ ಹೋತು.

ಕಾಸರಗೋಡಿನ ಅಣ್ಣಾರ, ಶೆನಿನ್ ಬ್ಲಾಂಕ್ ಕೇಳಿ ತೊಗೊಂಡೆ. ಎರಡು ಗುಟುಕು. ಮೊದಲನೇದು ಬರೀ ಹುಳಿ ಅನಿಸ್ತು. ಎರಡನೇದಕ್ಕ ರೊಟ್ಟಿ-ಹಿಂಡಿ ಒಂದು ತುತ್ತು ತಿಂದು ಕುಡದೆ, ಆಗ ತಿಳೀತು ನೀವು ಹೇಳಿದ್ದು. ಕೆಂಪಿಂದು ನನಗ ಸೇರ್ಲಿಲ್ಲ, ಅಣ್ಣಾರಿಗೆ ಭಾಳ ಸೇರ್ತು. ಅತ್ತಿಯವರು ಬಾಜೂಕ ಕುಂತು ಆಯಿ ಹೇಳಿದ ಬುತ್ತಿ ಬಿಚ್ಚಿದ್ರು, ನಮ್ಮ ಜೋಡಿ ಬಂದ ಆ ತೋಟದ ಹುಡುಗಗೂ ಒಂದು ಹೋಳಿಗಿ ಕೊಟ್ರು.

ಜತ್ತದ ಸರ, ಸಾಲಿನ್ಯಾಗ ಹಾಯೂಮುಂದ ಗೊನಿ ಎತ್ತಿ ನೋಡಿದೆ. ನೀವು ಹೇಳಿದಂಗ ಬಟಾಣಿ ಅಷ್ಟ ಕಾಳು. ಆ ಹುಡುಗನ್ನ ಕೇಳಿ ನಾಕು ಕಾಳು ಹರಕೊಂಡು ಕರವಸ್ತ್ರದಾಗ ಕಟ್ಟಿ ತಂದು ಅಪ್ಪನ ಕೈಯಾಗ ಇಟ್ಟೆ. ಒಂದನ್ನ ಬಾಯಾಗ ಹಾಕ್ಕೊಂಡು ಭಾಳ ಹೊತ್ತು ಅಗದ್ರು. ಬೀಜ ಅಂಗೈಯಾಗ ತಗದು ದೀಪದ ಬೆಳಕಿಗೆ ಹಿಡದು ನೋಡಿದ್ರು. “ಸಕ್ಕರಿ ಚಲೋ ಏರ್ಯದ. ಅಕ್ಟೋಬರ್ ಚಾಟ್ನಿ ಯಾವ ತಾರೀಖಿಗೆ ಮಾಡ್ಯಾರಂತ ಕೇಳಿದೇನು?” ಅಂದ್ರು. ನಾ ಕೇಳಿದ್ದಿಲ್ಲ. ಮಾರ್ಚದಾಗ ನಿಮ್ಮ ಮಣೂಕ ಶೆಡ್ಡಿಗೆ ಅವರನ್ನ ಕರ್ಕೊಂಡು ಬರ್ತೀನಿ ಸರ, ಯಾವ ವಾರ ಅಂತ ತಿಳಸ್ರಿ.